ಲೋಕಸಭಾ ಚುನಾವಣೆ: ಕೆಲಸದಲ್ಲಿ ಗಾಯಗೊಂಡವರು ಅಭ್ಯರ್ಥಿಗಳ ಮುಂದೆ ಏನನ್ನು ಕೇಳಬೇಕು?

ಪ್ರಶ್ನೆ
ಮಂಡಗದ್ದೆಯವ, 24 ಮಾರ್ಚ್ 2024

ಎಲ್ಲರಿಗೂ ನಮಸ್ಕಾರ.

ನಾನು ತೀರ್ಥಹಳ್ಳಿ ತಾಲ್ಲೂಕಿನವನು. ಏಳು ಜನ ಕೆಲಸ ಮಾಡುತ್ತಿದ್ದ ಒಂದು ಮರದ ಮಿಲ್ಲಿನಲ್ಲಿ ಹದಿನಾಲ್ಕು ವರ್ಷ ದುಡಿದೆ. 2022ರ ಜುಲೈ ಕೊನೆಯಲ್ಲಿ, ಮಳೆಯಲ್ಲಿ ನೆನೆದಿದ್ದ ದಿಮ್ಮಿಯೊಂದನ್ನು ಗರಗಸಕ್ಕೆ ಕೊಡುವಾಗ ಅದು ಹೊರಳಿ, ನನ್ನ ಬಲಗೈಯ ಮೂರು ಬೆರಳುಗಳು ಬುಡದಿಂದಲೇ ಹೋದವು. ಆಗ ನನಗೆ ನಲವತ್ತು ವರ್ಷ, ದಿನದ ಸಂಬಳ 900 ರೂಪಾಯಿ. ಮಾಲೀಕರು ಆಸ್ಪತ್ರೆಯ ಬಿಲ್ಲು ಕಟ್ಟಿದರು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮನೆಗೆ ಬಂದ ಎರಡನೇ ವಾರ 60,000 ರೂಪಾಯಿ ಕೈಗಿತ್ತು, ಇನ್ನು ಮುಂದೆ ಯಾವ ತಕರಾರೂ ಇರುವುದಿಲ್ಲವೆಂದು ಛಾಪಾ ಕಾಗದದ ಮೇಲೆ ನನ್ನ ಎಡಗೈ ಹೆಬ್ಬೆಟ್ಟನ್ನು ಒತ್ತಿಸಿಕೊಂಡು ಹೋದರು. ಹತ್ತನೇ ತರಗತಿಯವರೆಗೆ ಓದಿದ ನಾನು ಬದುಕಿನಲ್ಲಿ ಹೆಬ್ಬೆಟ್ಟು ಒತ್ತಿದ್ದು ಅದೇ ಮೊದಲು.

ನನ್ನ ಹಾಗೆ ಪೆಟ್ಟು ತಿಂದವರು ಸುತ್ತಮುತ್ತ ಎಷ್ಟು ಜನರಿದ್ದಾರೆ ಎಂಬುದು ನನಗೆ ತಿಳಿದದ್ದು ಅಂಗವೈಕಲ್ಯದ ಪ್ರಮಾಣಪತ್ರಕ್ಕಾಗಿ ಶಿವಮೊಗ್ಗಕ್ಕೆ ಅಲೆಯುವಾಗ. ಈಗ ಹನ್ನೊಂದು ಮಂದಿ ಸೇರಿದ್ದೇವೆ. ಕಲ್ಲಿನ ಕ್ರಷರಿನಲ್ಲಿ ಕಣ್ಣು ಕಳೆದುಕೊಂಡವರಿದ್ದಾರೆ, ಲಾರಿಗೆ ನಾಟಾ ತುಂಬುವಾಗ ಕಾಲು ಜಜ್ಜಿಸಿಕೊಂಡವರಿದ್ದಾರೆ, ಅಡಿಕೆ ಮರದಿಂದ ಬಿದ್ದು ಬೆನ್ನುಮೂಳೆ ಮುರಿದು ಮಲಗಿದಲ್ಲೇ ಇರುವವರು ಇಬ್ಬರಿದ್ದಾರೆ. ಮೇ 7ಕ್ಕೆ ನಮ್ಮ ಕ್ಷೇತ್ರದಲ್ಲಿ ಮತದಾನ. ಅಭ್ಯರ್ಥಿಗಳು ಊರಿಗೆ ಬಂದಾಗ ಒಂದು ಮನವಿ ಪತ್ರ ಕೊಡಬೇಕೆಂದು ನಿರ್ಧರಿಸಿ ಹೀಗೆ ಬರೆದಿದ್ದೇವೆ: ಕೆಲಸದಲ್ಲಿ ಅಂಗ ಕಳೆದುಕೊಂಡ ಪ್ರತಿಯೊಬ್ಬರಿಗೂ ಸರ್ಕಾರ 10 ಲಕ್ಷ ರೂಪಾಯಿ ಕೊಡಬೇಕು, ತಿಂಗಳ ಪಿಂಚಣಿ ಕೊಡಬೇಕು, ಮಕ್ಕಳಲ್ಲಿ ಒಬ್ಬರಿಗೆ ಸರ್ಕಾರಿ ಕೆಲಸ ಕೊಡಬೇಕು, ಇಲ್ಲದಿದ್ದರೆ ನಮ್ಮ ಕುಟುಂಬಗಳು ಮತದಾನವನ್ನು ಬಹಿಷ್ಕರಿಸುತ್ತವೆ.

ಈ ಪತ್ರ ಸರಿಯಾಗಿದೆಯೇ? ಇದನ್ನು ಕೊಟ್ಟರೆ ನೀತಿ ಸಂಹಿತೆಯ ತೊಂದರೆ ಏನಾದರೂ ಬರುತ್ತದೆಯೇ? ತಿಳಿದವರು ದಯವಿಟ್ಟು ಬರೆಯಬೇಕು.


ಉತ್ತರ 1
ಸಾಗರದ ವಕೀಲೆ, 25 ಮಾರ್ಚ್ 2024

ಪತ್ರದ ವಿಚಾರಕ್ಕೆ ಬರುವ ಮೊದಲು ನಿಮ್ಮದೇ ವಿಚಾರವನ್ನು ಹೇಳಬೇಕಾಗಿದೆ, ಏಕೆಂದರೆ ಚುನಾವಣೆಯ ದಿನಾಂಕಕ್ಕಿಂತ ಮುಖ್ಯವಾದ ಇನ್ನೊಂದು ದಿನಾಂಕ ನಿಮ್ಮ ತಲೆಯ ಮೇಲಿದೆ. ನೌಕರರ ಪರಿಹಾರ ಕಾಯ್ದೆ, 1923ರ ಪ್ರಕಾರ ಅಪಘಾತವಾದ ಎರಡು ವರ್ಷಗಳೊಳಗೆ ಪರಿಹಾರದ ಅರ್ಜಿ ಸಲ್ಲಿಸಬೇಕು. ನಿಮ್ಮ ಅವಧಿ ಈ ಜುಲೈಗೆ ಮುಗಿಯುತ್ತದೆ. ಛಾಪಾ ಕಾಗದಕ್ಕೆ ಹೆದರಬೇಡಿ. ಕಾಯ್ದೆಯ ಪ್ರಕಾರ ಸಿಗಬೇಕಾದ ಪರಿಹಾರವನ್ನು ಬಿಟ್ಟುಕೊಡುವ ಅಥವಾ ಕಡಿಮೆ ಮಾಡುವ ಯಾವ ಒಪ್ಪಂದವೂ 17ನೇ ಕಲಮಿನಂತೆ ಅಸಿಂಧು. ಮಾಲೀಕ ಮತ್ತು ಕಾರ್ಮಿಕ ಒಂದು ಮೊತ್ತಕ್ಕೆ ರಾಜಿಯಾಗುವುದಾದರೂ ಆ ಒಪ್ಪಂದವನ್ನು ಪರಿಹಾರ ಆಯುಕ್ತರಲ್ಲಿ ನೋಂದಾಯಿಸಬೇಕು. ಆಯುಕ್ತರ ಅಧಿಕಾರ ಮೊದಲು ಕಾರ್ಮಿಕ ಅಧಿಕಾರಿಗಳ ಬಳಿ ಇತ್ತು, ಈಗ ನಮ್ಮಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರ ಬಳಿ ಇದೆ. ಮಾಲೀಕರು ಆಸ್ಪತ್ರೆಗೆ ಕಟ್ಟಿದ ಹಣವನ್ನು ಪರಿಹಾರದ ಲೆಕ್ಕಕ್ಕೆ ಹಿಡಿಯುವಂತಿಲ್ಲ, ಕೈಗೆ ಕೊಟ್ಟ 60,000ವನ್ನು ಮಾತ್ರ ಅವರು ಕಳೆಯಲು ಕೇಳಬಹುದು.

ಈಗ ಲೆಕ್ಕ ನೋಡೋಣ. ಒಂದು ಕೈಯ ಮೂರು ಬೆರಳು ಹೋದರೆ ದುಡಿಯುವ ಸಾಮರ್ಥ್ಯದಲ್ಲಿ ನೂರಕ್ಕೆ 30ರಷ್ಟು ನಷ್ಟವೆಂದು ಕಾಯ್ದೆಯ ಮೊದಲನೇ ಅನುಸೂಚಿ ನಿಗದಿ ಮಾಡಿದೆ. ತಿಂಗಳ ಸಂಬಳದ ಶೇಕಡಾ 60ನ್ನು ವಯಸ್ಸಿಗೆ ತಕ್ಕ ಗುಣಾಂಕದಿಂದ ಗುಣಿಸಿ, ಬಂದ ಮೊತ್ತದಲ್ಲಿ ನೂರಕ್ಕೆ 30ನ್ನು ತೆಗೆದುಕೊಳ್ಳಬೇಕು. ನಲವತ್ತು ವರ್ಷಕ್ಕೆ ಆ ಗುಣಾಂಕ 184.17. ದಿನಕ್ಕೆ 900ರಂತೆ 26 ದಿನಕ್ಕೆ ನಿಮ್ಮ ಸಂಬಳ 23,400 ರೂಪಾಯಿ. ಆ ಸಂಬಳವನ್ನೇ ಹಿಡಿದರೆ ನಿಮಗೆ ಬರಬೇಕಾದ್ದು 7,75,724 ರೂಪಾಯಿ. ಆದರೆ ಅಷ್ಟು ಬರುವುದಿಲ್ಲ. ನೀವು ಎಷ್ಟೇ ದುಡಿದಿದ್ದರೂ ಲೆಕ್ಕಕ್ಕೆ ಹಿಡಿಯುವ ಸಂಬಳ ತಿಂಗಳಿಗೆ 15,000ವನ್ನು ಮೀರುವಂತಿಲ್ಲ ಎಂಬ ಮಿತಿ ಇರುವುದರಿಂದ ಮೊತ್ತ 4,97,259ಕ್ಕೆ ನಿಲ್ಲುತ್ತದೆ. ಅಂದರೆ, ದಿನಕ್ಕೆ 577 ರೂಪಾಯಿಗಿಂತ ಹೆಚ್ಚು ದುಡಿಯುವ ಕಾರ್ಮಿಕನೇ ಈ ದೇಶದಲ್ಲಿ ಇಲ್ಲ ಎಂದುಕೊಂಡು ಕಾಯ್ದೆ ಲೆಕ್ಕ ಹಾಕುತ್ತದೆ. ಮಲೆನಾಡಿನಲ್ಲಿ ಇಂದು ಆ ಸಂಬಳಕ್ಕೆ ಅಡಿಕೆ ಕೊನೆ (ಗೊನೆ) ತೆಗೆಯಲು ಯಾರು ಮರ ಹತ್ತುತ್ತಾರೆ?

ನಿಮ್ಮ ಪತ್ರಕ್ಕೂ ಈ ಮಿತಿಗೂ ನೇರ ಸಂಬಂಧವಿದೆ. ಮಿತಿಯನ್ನು ನಿಗದಿ ಮಾಡುವವರು ಕೇಂದ್ರ ಸರ್ಕಾರದವರು. ಅದಕ್ಕೆ ಸಂಸತ್ತಿನಲ್ಲಿ ಹೊಸ ಮಸೂದೆ ಬೇಕಿಲ್ಲ, ಕೇಂದ್ರದ ಗೆಜೆಟ್ಟಿನಲ್ಲಿ ಒಂದು ಅಧಿಸೂಚನೆ ಸಾಕು. 2010ರ ಮೇ 31ರಂದು 4,000 ಇದ್ದದ್ದು 8,000 ಆಯಿತು, 2020ರ ಜನವರಿ 3ರಂದು 15,000 ಆಯಿತು. ಆ ಎರಡು ಅಧಿಸೂಚನೆಗಳ ನಡುವೆ ಹತ್ತು ವರ್ಷ ಕಳೆದಿತ್ತು. ನಿಮ್ಮ ಇದೇ ಮೂರು ಬೆರಳುಗಳು 2020ರ ಜನವರಿ 2ರಂದು ಹೋಗಿದ್ದರೆ, ಅದೇ ವಯಸ್ಸಿಗೆ ಸಿಗುತ್ತಿದ್ದದ್ದು 2,65,205 ರೂಪಾಯಿ. ಅಪಘಾತದ ದಿನ ಯಾವ ಮಿತಿ ಇತ್ತೋ ಅದೇ ಅನ್ವಯವಾಗುತ್ತದೆಯೇ ಹೊರತು ತೀರ್ಪಿನ ದಿನದ್ದಲ್ಲ.

ಆದ್ದರಿಂದ ಲೋಕಸಭೆಗೆ ಹೋಗಲಿರುವವರನ್ನು 10 ಲಕ್ಷ ಕೇಳುವುದಕ್ಕಿಂತ, ಈ 15,000ದ ಮಿತಿಯನ್ನು ತೆಗೆಸುತ್ತೀರಾ ಅಥವಾ ತುಟ್ಟಿಭತ್ಯೆಯಂತೆ ವರ್ಷವರ್ಷವೂ ಪರಿಷ್ಕರಿಸುವ ನಿಯಮ ತರಿಸುತ್ತೀರಾ ಎಂದು ಕೇಳುವುದು ಒಳ್ಳೆಯದು. ವಾಹನ ಅಪಘಾತದ ಪ್ರಕರಣಗಳಲ್ಲಿ ಇಂಥ ಮಿತಿ ಇಲ್ಲ, ಸಾಬೀತಾದ ನಿಜವಾದ ಆದಾಯವನ್ನೇ ಹಿಡಿಯುತ್ತಾರೆ. ರಸ್ತೆಯಲ್ಲಿ ಲಾರಿಯಿಂದ ಕೈ ಹೋದರೆ ಒಂದು ಬೆಲೆ, ಲಾರಿಗೆ ದಿಮ್ಮಿ ಹೊರುವಾಗ ಹೋದರೆ ಇನ್ನೊಂದು ಬೆಲೆ ಏಕೆ ಎಂದು ಕೇಳಿದರೆ ಯಾವ ಪಕ್ಷದವರಿಗೂ ಉತ್ತರ ಸುಲಭವಲ್ಲ. ಸಾಮಾಜಿಕ ಭದ್ರತಾ ಸಂಹಿತೆ 2020ರ ಸೆಪ್ಟೆಂಬರ್‌ನಲ್ಲಿಯೇ ಸಂಸತ್ತಿನ ಒಪ್ಪಿಗೆ ಪಡೆದಿದ್ದು 2024ರ ಈ ಮಾರ್ಚ್‌ವರೆಗೂ ಜಾರಿಗೆ ಬಂದಿಲ್ಲ. ಕೆಲಸಕ್ಕೆ ಹೋಗಿಬರುವ ದಾರಿಯಲ್ಲಿ ಆಗುವ ಅಪಘಾತವನ್ನೂ ಅದು ಕೆಲಸದ ಅಪಘಾತವೆಂದು ಪರಿಗಣಿಸುತ್ತದೆ. ಅದು ಜಾರಿಯಾಗುವಾಗ ಸಂಬಳದ ಮಿತಿ ಎಷ್ಟೆಂದು ಈಗಲೇ ಕೇಳಿಡುವುದು ಜಾಣತನ.

ಮಕ್ಕಳಿಗೆ ಸರ್ಕಾರಿ ಕೆಲಸ ಎಂಬ ಸಾಲನ್ನು ತೆಗೆದುಬಿಡಿ. ಕೊಡಲಾಗದ್ದನ್ನು ಕೇಳಿದರೆ ಕೊಡಬಹುದಾದ್ದನ್ನೂ ತಪ್ಪಿಸಿಕೊಳ್ಳಲು ಅವರಿಗೆ ನಾವೇ ದಾರಿ ಮಾಡಿಕೊಟ್ಟಂತಾಗುತ್ತದೆ.


ಉತ್ತರ 2
ತೋಟದಮನೆ ಹೊಸನಗರ, 26 ಮಾರ್ಚ್ 2024

ನಾನು ಕೆಲಸ ಕೊಡುವ ಕಡೆಯವನು, ಆದ್ದರಿಂದ ನನ್ನ ಮಾತು ಕೆಲವರಿಗೆ ಹಿಡಿಸದಿರಬಹುದು. ಮೂರು ಎಕರೆ ಅಡಿಕೆ ತೋಟವಿದೆ, ಎಲೆಚುಕ್ಕಿ ರೋಗ ಬಂದ ಮೇಲೆ ಫಸಲು ಅರ್ಧಕ್ಕೆ ಇಳಿದಿದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಯಲು ನಾಲ್ವರ ಒಂದು ತಂಡ ಬರುತ್ತದೆ. ಅವರಲ್ಲಿ ಒಬ್ಬರು ಪಾಚಿ ಹಿಡಿದ ಮರದಿಂದ ಜಾರಿದರೆ ಹೊಣೆ ನನ್ನದೆಂದು ಒಪ್ಪುತ್ತೇನೆ. ಆದರೆ ವಕೀಲೆ ಮೇಡಂ ಹೇಳಿದಂತೆ ಮಿತಿಯನ್ನು ತೆಗೆದರೆ ಬರುವ ಏಳೆಂಟು ಲಕ್ಷವನ್ನು, ಪ್ರಾಣಹಾನಿಯಾದರೆ ಇಪ್ಪತ್ತು ಲಕ್ಷವನ್ನು, ನನ್ನಂಥವನು ತೋಟ ಮಾರದೆ ಎಲ್ಲಿಂದ ತರಬೇಕು? ಮಿಲ್ಲಿನ ಮಾಲೀಕರಿಗೂ ನನಗೂ ಕಾಯ್ದೆ ಒಂದೇ ಅಳತೆಗೋಲು ಹಿಡಿಯುತ್ತದೆ.

ನನಗೆ ಅರ್ಥವಾಗದ ಸಂಗತಿ ಇನ್ನೊಂದಿದೆ. ಮನೆಯ ಮುಂದೆ ನಿಂತಿರುವ ಹಳೆಯ ಸ್ಕೂಟರಿಗೆ ವಿಮೆ ಇಲ್ಲದಿದ್ದರೆ ಪೊಲೀಸರು ದಂಡ ಹಾಕುತ್ತಾರೆ. ಅದೇ ಸ್ಕೂಟರಿನಲ್ಲಿ ಬಂದು ಅರವತ್ತು ಅಡಿ ಮರ ಹತ್ತುವವನಿಗೆ ವಿಮೆ ಇದೆಯೇ ಎಂದು ಯಾರೂ ಕೇಳುವುದಿಲ್ಲ. ಮಾಲೀಕನ ಹೊಣೆಗೆ ವಿಮೆ ಮಾಡಿಸಬಹುದು ಎಂದು ಇದೆಯೇ ಹೊರತು ಮಾಡಿಸಲೇಬೇಕು ಎಂದು ಕಾಯ್ದೆಯಲ್ಲಿ ಇಲ್ಲ. ನಾನು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಆ ನಾಲ್ವರ ಹೆಸರಿಗೂ ವರ್ಷಕ್ಕೆ ತಲಾ 20 ರೂಪಾಯಿ ಕಟ್ಟಿಸಿದ್ದೇನೆ. ಸಾವಿಗೆ 2 ಲಕ್ಷ, ಒಂದು ಕೈಯೋ ಕಾಲೋ ಕಣ್ಣೋ ಪೂರ್ತಿ ಹೋದರೆ 1 ಲಕ್ಷ. ಮೂರು ಬೆರಳಿಗೆ ಅದರಲ್ಲಿ ಏನೂ ಇಲ್ಲ.

ನಿಮ್ಮ ಪತ್ರದಲ್ಲಿ ಮಾಲೀಕನ ಹೊಣೆಗೆ ವಿಮೆ ಕಡ್ಡಾಯ ಮಾಡಬೇಕು, ಸಣ್ಣ ಹಿಡುವಳಿದಾರರ ಕಂತಿನಲ್ಲಿ ಸರ್ಕಾರ ಪಾಲು ಹಾಕಬೇಕು ಎಂಬ ಮಾತನ್ನೂ ಸೇರಿಸಿದರೆ ನಾನೂ ಸಹಿ ಹಾಕುತ್ತೇನೆ. ಮ್ಯಾಮ್ಕೋಸ್‌ನಂಥ ಅಡಿಕೆ ಸಹಕಾರ ಸಂಘಗಳ ಮೂಲಕ, ಅಡಿಕೆ ಮಾರುವಾಗ ಕ್ವಿಂಟಾಲಿಗೆ ಇಷ್ಟು ಎಂದು ಹಿಡಿದುಕೊಂಡು ಸಾಮೂಹಿಕ ವಿಮೆ ಮಾಡಿಸಿದರೆ ಬೆಳೆಗಾರರಿಗೆ ಅದು ಭಾರವೆನಿಸದು. ಕಾರ್ಬನ್ ಫೈಬರ್ ದೋಟಿ (ಕೊನೆ ಕೊಯ್ಯುವ ಉದ್ದನೆಯ ಕೋಲು) ಬಂದ ಮೇಲೆ ನೆಲದಲ್ಲಿ ನಿಂತೇ ಕೊನೆ ಇಳಿಸುವವರು ಹೆಚ್ಚಾಗಿದ್ದಾರೆ ಎಂಬುದು ನಿಜ. ಆದರೆ ದೋಟಿಯ ಬೆಲೆ ಎಲ್ಲರ ಕೈಗೂ ಎಟುಕುವಂಥದ್ದಲ್ಲ, ಅದನ್ನು ಹಿಡಿಯುವ ಕೈ ಪಳಗುವುದಕ್ಕೂ ಕಾಲ ಬೇಕು.

ಒಂದು ಸಂಶಯವನ್ನೂ ಕೇಳುತ್ತೇನೆ. ನಮ್ಮಲ್ಲಿ ಬಹಳ ಜನ ಫಸಲನ್ನು ಮರದಲ್ಲಿದ್ದಾಗಲೇ ಚೇಣಿಗೆ ಕೊಡುತ್ತಾರೆ, ಅಂದರೆ ಒಟ್ಟಾಗಿ ಮಾರಿಬಿಡುತ್ತಾರೆ. ಆಗ ಕೊನೆ ತೆಗೆಯುವವನು ಬಿದ್ದರೆ ಹೊಣೆ ತೋಟದವನದೋ ಚೇಣಿದಾರನದೋ?


ಉತ್ತರ 3
ಸಾಗರದ ವಕೀಲೆ, 26 ಮಾರ್ಚ್ 2024

ಚೇಣಿಯಲ್ಲಿ ಫಸಲು ಮಾರಾಟವಾಗಿರುತ್ತದೆ. ಆಳು ಕರೆತಂದು ಸಂಬಳ ಕೊಟ್ಟು ಕೊನೆ ತೆಗೆಸುವವನು ಚೇಣಿದಾರನೇ ಆಗಿದ್ದರೆ ಕೆಲಸ ಕೊಟ್ಟವನೂ ಅವನೇ. ಔಷಧಿ ಹೊಡೆಸುವುದು ಬೇರೆ. ನಿಮ್ಮ ತೋಟದ ಕೆಲಸವನ್ನೇ ನೀವು ಒಬ್ಬ ಮೇಸ್ತ್ರಿಗೆ ಗುತ್ತಿಗೆ ಕೊಟ್ಟಿದ್ದರೆ, ಗಾಯಗೊಂಡವನು 12ನೇ ಕಲಮಿನಡಿ ನಿಮ್ಮನ್ನೇ ಕೇಳಬಹುದು, ನೀವು ಆ ಹಣವನ್ನು ಮೇಸ್ತ್ರಿಯಿಂದ ವಸೂಲು ಮಾಡಿಕೊಳ್ಳಬಹುದು.

ತೋಟದ ಕೆಲಸಗಾರರಿಗೆ ಈ ಕಾಯ್ದೆಯೇ ಅನ್ವಯಿಸುವುದಿಲ್ಲ ಎಂಬ ನಂಬಿಕೆ ನಮ್ಮ ಭಾಗದಲ್ಲಿ ಗಟ್ಟಿಯಾಗಿ ಬೇರೂರಿದೆ. ಅದು ತಪ್ಪು. ಎರಡನೇ ಅನುಸೂಚಿಯನ್ನು ಓದಿದರೆ ಭೂಮಿಯ ಸಾಗುವಳಿ, ಅರಣ್ಯದ ಕೆಲಸ, ಕೃಷಿಯಲ್ಲಿ ಕೀಟನಾಶಕ ಸಿಂಪಡಿಸುವುದು, ಲಾರಿಗೆ ಸರಕು ತುಂಬಿ ಇಳಿಸುವುದು ಎಲ್ಲವೂ ಅದರಲ್ಲಿ ಸೇರಿವೆ. ಹಾವಿನ ವಿಷ ತೆಗೆಯುವವರು ಕೂಡ ಅದರಲ್ಲಿದ್ದಾರೆ. ತಾತ್ಕಾಲಿಕ ಕೂಲಿಯವರನ್ನು ಹೊರಗಿಡುತ್ತಿದ್ದ ಮಾತುಗಳನ್ನು 2000ದ ತಿದ್ದುಪಡಿಯಲ್ಲಿ ತೆಗೆದುಹಾಕಲಾಗಿದೆ. ಒಂದೇ ದಿನಕ್ಕೆ ಬಂದ ಆಳಾದರೂ ಅವನು ನೌಕರನೇ.

ಕಡ್ಡಾಯ ವಿಮೆಯ ಬೇಡಿಕೆಯನ್ನು ನಾನೂ ಅನುಮೋದಿಸುತ್ತೇನೆ. ತೀರ್ಪು ಬಂದ ಮೇಲೂ ವಸೂಲಾಗದೆ ಬಿದ್ದಿರುವ ಪ್ರಕರಣಗಳನ್ನು ನಾನು ಕಂಡಿದ್ದೇನೆ. ಆ ಮಾಲೀಕರೆಲ್ಲ ಕೆಟ್ಟವರಲ್ಲ, ಅವರ ಬಳಿಯೂ ಇರುವುದಿಲ್ಲ.


ಉತ್ತರ 4
ಭದ್ರಾವತಿಯ ಹಳಬ, 28 ಮಾರ್ಚ್ 2024

ಕಾರ್ಖಾನೆಯಲ್ಲಿ ಮೂವತ್ತಮೂರು ವರ್ಷ ಇದ್ದು ನಿವೃತ್ತನಾದವನು ನಾನು. ಚುನಾವಣೆ ಬಂದಾಗ ಗೇಟಿನ ಮುಂದೆ ಸಭೆ ಸೇರಿಸಿ ಅಭ್ಯರ್ಥಿಗಳನ್ನು ನಿಲ್ಲಿಸಿ ಪ್ರಶ್ನೆ ಕೇಳುವ ರೂಢಿಯನ್ನು ಕಂಡವನು. ಆಗ ನಮ್ಮ ಹಿಂದೆ ಸಾವಿರಾರು ಕಾಯಂ ಕಾರ್ಮಿಕರ ಸಂಘವಿತ್ತು, ಗಾಯವಾದರೆ ಆಸ್ಪತ್ರೆಯೂ ಕಾರ್ಖಾನೆಯದೇ. ಈಗ ನೋಡಿ, ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಾಗ ತಿಂಗಳುಗಟ್ಟಲೆ ಧರಣಿ ಕೂತವರು ಗುತ್ತಿಗೆ ಕಾರ್ಮಿಕರು. ಅವರ ಮಾತನ್ನು ಎಲ್ಲ ಪಕ್ಷದವರೂ ಬಂದು ಕೇಳಿಸಿಕೊಳ್ಳಬೇಕಾಯಿತು, ಕಾರಣ ಅವರೆಲ್ಲ ಒಂದೇ ಪೆಂಡಾಲಿನಡಿ ಇದ್ದರು. ಗಾಯಗೊಂಡವರ ಕಷ್ಟವೇ ಅದು. ಒಬ್ಬೊಬ್ಬರೂ ಬೇರೆ ಬೇರೆ ಊರಿನಲ್ಲಿ ಬೇರೆ ಬೇರೆ ದಿನ ಬೀಳುತ್ತಾರೆ. 2021ರ ಜನವರಿ 21ರ ರಾತ್ರಿ ಶಿವಮೊಗ್ಗ ಹತ್ತಿರದ ಹುಣಸೋಡಿನಲ್ಲಿ ಕಲ್ಲು ಒಡೆಯಲು ತಂದಿದ್ದ ಸ್ಫೋಟಕಗಳು ಸಿಡಿದಾಗ ಇಡೀ ಜಿಲ್ಲೆ ನಡುಗಿತು, ಸರ್ಕಾರ ಪರಿಹಾರ ಘೋಷಿಸಿತು, ಮಂತ್ರಿಗಳು ಬಂದರು. ಕ್ರಷರಿನಲ್ಲಿ ಒಬ್ಬನ ಕಣ್ಣು ಹೋದರೆ ಪಕ್ಕದ ಊರಿಗೂ ಸುದ್ದಿ ಮುಟ್ಟುವುದಿಲ್ಲ. ಆದ್ದರಿಂದ ನೀವು ಹನ್ನೊಂದು ಮಂದಿ ಒಟ್ಟಾಗಿದ್ದೀರಿ ಎಂಬುದು ನೀವಂದುಕೊಂಡದ್ದಕ್ಕಿಂತ ದೊಡ್ಡ ಸಂಗತಿ.

ಬಹಿಷ್ಕಾರದ ಸಾಲನ್ನು ಮಾತ್ರ ಹೊಡೆದುಹಾಕಿ. ರಸ್ತೆಗೋ ಮೊಬೈಲ್ ನೆಟ್‌ವರ್ಕಿಗೋ ಒಂದು ಹಳ್ಳಿ ಇಡಿಯಾಗಿ ಬಹಿಷ್ಕರಿಸಿದರೆ ತಹಶೀಲ್ದಾರರು ಓಡಿ ಬರುತ್ತಾರೆ, ಏಕೆಂದರೆ ಆ ಮತಗಟ್ಟೆಯೇ ಖಾಲಿ ಕಾಣುತ್ತದೆ. ಹನ್ನೊಂದು ಊರುಗಳಲ್ಲಿ ಹಂಚಿಹೋದ ಹನ್ನೊಂದು ಕುಟುಂಬಗಳು ಮನೆಯಲ್ಲಿ ಕೂತರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ನೀತಿ ಸಂಹಿತೆಯ ಬಗ್ಗೆ ಕೇಳಿದ್ದೀರಿ. ಮನವಿ ಕೊಡುವುದಕ್ಕೆ ಅಡ್ಡಿಯಿಲ್ಲ. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪತ್ರ ಕೊಡಿ, ಯಾರಿಗೆ ಮತ ಹಾಕಬೇಕೆಂದು ಅದರಲ್ಲಿ ಬರೆಯಬೇಡಿ. ಕರಪತ್ರ ಅಚ್ಚು ಹಾಕಿಸುವುದಾದರೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಅದರ ಮೇಲೆ ಇರಲೇಬೇಕು; ಜನತಾ ಪ್ರಾತಿನಿಧ್ಯ ಕಾಯ್ದೆ, 1951ರ 127-ಎ ಕಲಮಿನಂತೆ ಅದಿಲ್ಲದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಸಭೆ ಮಾಡುವುದಿದ್ದರೆ ಮೊದಲೇ ಅನುಮತಿ ಪಡೆಯಿರಿ.

ಹಾಸಿಗೆಯಲ್ಲಿರುವ ಆ ಇಬ್ಬರ ವಿಷಯ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರ ಇದ್ದವರು ಮನೆಯಲ್ಲಿಯೇ ಅಂಚೆ ಮತಪತ್ರದಲ್ಲಿ ಮತ ಹಾಕಬಹುದು. ಅದಕ್ಕೆ 12-ಡಿ ನಮೂನೆಯನ್ನು ಅಧಿಸೂಚನೆ ಹೊರಟ ಐದು ದಿನಗಳೊಳಗೆ ಕೊಡಬೇಕು. ನಮ್ಮ ಕ್ಷೇತ್ರಕ್ಕೆ ಅಧಿಸೂಚನೆ ಏಪ್ರಿಲ್ 12ಕ್ಕೆ, ಅಂದರೆ 17ರೊಳಗೆ. ಮತಗಟ್ಟೆ ಅಧಿಕಾರಿ ಬರಲಿ ಎಂದು ಕಾಯದೆ ನೀವೇ ಹೋಗಿ ನಮೂನೆ ತನ್ನಿ.

ಪಿಂಚಣಿಯ ಬೇಡಿಕೆಯನ್ನು ಬಿಡಬೇಡಿ, ಆದರೆ ಅದಕ್ಕೊಂದು ಆಧಾರ ಕೊಡಿ. ಇ.ಎಸ್.ಐ. (ನೌಕರರ ರಾಜ್ಯ ವಿಮೆ) ಇದ್ದ ಕಾರ್ಮಿಕನಿಗೆ ಶಾಶ್ವತ ಊನವಾದರೆ ಅವನು ಬದುಕಿರುವವರೆಗೂ ಊನದ ಪ್ರಮಾಣಕ್ಕೆ ತಕ್ಕಂತೆ ತಿಂಗಳ ಹಣ ಬರುತ್ತದೆ, ಚಿಕಿತ್ಸೆಯೂ ಸಿಗುತ್ತದೆ. ಹತ್ತು ಜನರಿಗಿಂತ ಕಡಿಮೆ ಇರುವ ಮಿಲ್ಲಿನಲ್ಲಿ ಅದೇ ಕೈ ಹೋದರೆ ಒಂದು ಸಲದ ದುಡ್ಡು, ಅದೂ ಕೋರ್ಟಿಗೆ ಹೋದರೆ. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ದೊಡ್ಡ ಕಾರ್ಖಾನೆಗೆ ಒಂದು ನ್ಯಾಯ, ಮಂಡಗದ್ದೆಯ ಏಳು ಜನರ ಮಿಲ್ಲಿಗೆ ಇನ್ನೊಂದು. ಸಣ್ಣ ಘಟಕಗಳನ್ನೂ ಇ.ಎಸ್.ಐ. ಒಳಗೆ ತರುತ್ತೀರಾ ಎಂಬ ಪ್ರಶ್ನೆಯೂ ದೆಹಲಿಗೆ ಹೋಗುವವರಿಗೇ ಕೇಳಬೇಕಾದದ್ದು.


ಉತ್ತರ 5
ರಿಪ್ಪನ್‌ಪೇಟೆ ಸೀಮೆಯವಳು, 31 ಮಾರ್ಚ್ 2024

ಮೇಲಿನ ಬರಹಗಳನ್ನು ಮೂರು ದಿನ ಓದಿ ಈಗ ಬರೆಯುತ್ತಿದ್ದೇನೆ.

2019ರ ಆಗಸ್ಟ್ ಕೊನೆಯ ವಾರ, ಮಳೆ ಸ್ವಲ್ಪ ಹೊಳವಾದ ದಿನ, ನಮ್ಮ ಯಜಮಾನರು ಎರಡನೇ ಸಲದ ಔಷಧಿ ಹೊಡೆಯಲು ಒಬ್ಬರ ತೋಟಕ್ಕೆ ಹೋಗಿದ್ದರು. ಮರದಿಂದ ಮರಕ್ಕೆ ದಾಟುವಾಗ ಮರವೇ ಮುರಿಯಿತು. ಅವರಿಗೆ ಮೂವತ್ತೈದು ವರ್ಷ. ಆಸ್ಪತ್ರೆಗೆ ಸೇರಿಸುವಾಗ ಜೊತೆಯಲ್ಲಿ ಬಂದ ತೋಟದವರು, ಪೊಲೀಸ್ ಕೇಸಾದರೆ ನಿನಗೇ ಅಲೆದಾಟ ತಂಗಿ ಎಂದು ಹೇಳಿ, ಮನೆಯ ಹಿತ್ತಿಲ ಮರದಿಂದ ಬಿದ್ದರು ಎಂದು ಬರೆಸಿದರು. ನನಗೆ ಆಗ ಉಸಿರು ಉಳಿದರೆ ಸಾಕೆಂಬುದು ಬಿಟ್ಟರೆ ಬೇರೇನೂ ತೋಚಲಿಲ್ಲ, ಸುಮ್ಮನಿದ್ದೆ. ನಾಲ್ಕನೇ ದಿನ ಅವರು ಹೋದರು. ಆ ಒಂದು ಸಾಲು ಎಲ್ಲ ಕಾಗದದಲ್ಲಿಯೂ ಮುಂದುವರಿಯಿತು. ಆಮೇಲೆ ಯಾರನ್ನು ಕೇಳಿದರೂ, ಹಿತ್ತಿಲಲ್ಲಿ ಬಿದ್ದದ್ದಕ್ಕೆ ಯಾರು ಪರಿಹಾರ ಕೊಡುತ್ತಾರೆ ಅಮ್ಮಾ ಎಂದರು.

ಆದ್ದರಿಂದ ಅಣ್ಣ, ನಿಮ್ಮ ಪತ್ರದಲ್ಲಿ ಮಿತಿಯನ್ನು ಎಷ್ಟು ಬೇಕಾದರೂ ಏರಿಸಿ ಬರೆಯಿರಿ, ಆದರೆ ಕೆಲಸದಲ್ಲಿ ಬಿದ್ದದ್ದು ಕೆಲಸದಲ್ಲಿಯೇ ಬಿದ್ದದ್ದು ಎಂದು ಬರೆಯುವ ಕಾಗದವಿಲ್ಲದಿದ್ದರೆ ಲೆಕ್ಕ ಹಾಕುವ ಹಂತಕ್ಕೇ ನಾವು ತಲುಪುವುದಿಲ್ಲ. ಆಸ್ಪತ್ರೆಯಲ್ಲಿ ಗಾಯಾಳುವನ್ನು ದಾಖಲಿಸಿಕೊಳ್ಳುವಾಗ, ಯಾರ ಕೆಲಸ ಮಾಡುತ್ತಿದ್ದಾಗ ಹೀಗಾಯಿತು ಎಂದು ಗಾಯಾಳುವನ್ನೋ ಮನೆಯವರನ್ನೋ ಬೇರೆಯಾಗಿ ಕೇಳಿ ಬರೆದುಕೊಳ್ಳುವಂತೆ ಒಂದು ನಿಯಮ ಬೇಕು. ಮಾಲೀಕರ ಎದುರಿನಲ್ಲಿ ಯಾರೂ ನಿಜ ಹೇಳುವುದಿಲ್ಲ, ಏಕೆಂದರೆ ಮುಂದಿನ ವರ್ಷವೂ ಅದೇ ತೋಟಕ್ಕೆ ಕೆಲಸಕ್ಕೆ ಹೋಗಬೇಕು. ನಾನೂ ಹೋಗುತ್ತಿದ್ದೇನೆ, ಅಡಿಕೆ ಸುಲಿಯಲು.

ನನ್ನದಕ್ಕೆ ಈಗ ಏನಾದರೂ ದಾರಿ ಇದೆಯೇ ಮೇಡಂ? ಎರಡು ವರ್ಷ ಯಾವಾಗಲೋ ಮುಗಿದಿದೆ.


ಉತ್ತರ 6
ಸಾಗರದ ವಕೀಲೆ, 31 ಮಾರ್ಚ್ 2024

ದಾರಿ ಪೂರ್ತಿ ಮುಚ್ಚಿಲ್ಲ. ತಡವಾದದ್ದಕ್ಕೆ ಸಾಕಷ್ಟು ಕಾರಣವಿದ್ದರೆ ಅರ್ಜಿಯನ್ನು ಸ್ವೀಕರಿಸುವ ಅಧಿಕಾರ ಆಯುಕ್ತರಿಗೆ ಇದೆ. ಅದಲ್ಲದೆ ಕೊರೊನಾ ಕಾಲದಲ್ಲಿ, 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ದಿನಗಳನ್ನು ಯಾವ ಕಾಲಮಿತಿಗೂ ಲೆಕ್ಕ ಹಿಡಿಯಬಾರದೆಂದು ಸುಪ್ರೀಂ ಕೋರ್ಟ್ ಆದೇಶಿಸಿದೆ. ಅದನ್ನು ಕಳೆದರೆ ನೀವು ಎರಡೂವರೆ ವರ್ಷ ಎಂದುಕೊಂಡಿರುವ ವಿಳಂಬ ಏಳೆಂಟು ತಿಂಗಳಿಗೆ ಇಳಿಯುತ್ತದೆ, ಅದನ್ನು ವಿವರಿಸುವುದು ಅಸಾಧ್ಯವಲ್ಲ. ಆಸ್ಪತ್ರೆಯ ಆ ಸಾಲು ದೊಡ್ಡ ತೊಡಕು, ನಿಜ. ಆದರೆ ಅಂದು ಜೊತೆಯಲ್ಲಿ ಮರದ ಮೇಲಿದ್ದವರೊಬ್ಬರು ಬಂದು ಹೇಳಿದರೆ ಅದನ್ನು ಎದುರಿಸಬಹುದು. ಆ ದಿನದ ಮಿತಿ 8,000 ಆಗಿದ್ದರಿಂದ, ಸಾವಿನ ಪ್ರಕರಣದಲ್ಲಿ ಹಿಡಿಯುವ ಸಂಬಳದ ಅರ್ಧವಾದ 4,000ವನ್ನು ಮೂವತ್ತೈದು ವರ್ಷದ ಗುಣಾಂಕ 197.06ರಿಂದ ಗುಣಿಸಿದರೆ 7,88,240 ರೂಪಾಯಿ ಮತ್ತು ಬಡ್ಡಿ. ಇನ್ನು ನಾಲ್ಕೂವರೆ ತಿಂಗಳು ಕಳೆದ ಮೇಲೆ ಇದೇ ಆಗಿದ್ದರೆ 14,77,950 ಆಗುತ್ತಿತ್ತು. ಈ ಎರಡು ಅಂಕಿಗಳನ್ನು, ನಿಮ್ಮ ಒಪ್ಪಿಗೆ ಇದ್ದರೆ ಹೆಸರಿಲ್ಲದೆ, ಪತ್ರದಲ್ಲಿ ಸೇರಿಸಬೇಕೆಂದು ನನ್ನ ಸಲಹೆ. ಮಿತಿಯನ್ನು ಹತ್ತು ವರ್ಷ ಹಾಗೆಯೇ ಬಿಟ್ಟದ್ದಕ್ಕೆ ಒಂದು ಮನೆಯವರು ತೆತ್ತ ಬೆಲೆ ಅದರಲ್ಲಿ ಕಾಣುತ್ತದೆ.

ಬೆನ್ನುಮೂಳೆ ಮುರಿದ ಇಬ್ಬರಿಗೂ ಒಂದು ಮಾತು. ವೈದ್ಯರು ಶೇಕಡಾ 60 ಅಂಗವೈಕಲ್ಯ ಎಂದು ಬರೆದರೆ ಪರಿಹಾರವೂ ಅಷ್ಟಕ್ಕೇ ನಿಲ್ಲಬೇಕೆಂದಿಲ್ಲ. 1976ರಲ್ಲಿ ವರದಿಯಾದ ಪ್ರತಾಪ್ ನಾರಾಯಣ ಸಿಂಗ್ ದೇವ್ ಪ್ರಕರಣದಲ್ಲಿ, ಮೊಣಕೈ ಮೇಲಿನಿಂದ ಎಡಗೈ ಕಳೆದುಕೊಂಡ ಬಡಗಿಯೊಬ್ಬ ಇನ್ನು ಬಡಗಿ ಕೆಲಸ ಮಾಡಲಾರನಾದ್ದರಿಂದ ಅವನದು ಪೂರ್ಣ ಊನವೆಂದು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಪರಿಹಾರ ಕೊಡುವ ಹೊಣೆ ಅಪಘಾತದ ದಿನವೇ ಹುಟ್ಟುತ್ತದೆ ಎಂದೂ ಹೇಳಿತು. ಮರ ಹತ್ತುವುದೇ ವೃತ್ತಿಯಾದವನಿಗೆ ಇದೇ ವಾದ ಹೊಂದುತ್ತದೆ.


ಪ್ರಶ್ನೆ ಕೇಳಿದವರ ಮರುಬರಹ
ಮಂಡಗದ್ದೆಯವ, 7 ಏಪ್ರಿಲ್ 2024

ಎಲ್ಲರಿಗೂ ಋಣಿಯಾಗಿದ್ದೇನೆ. ಮೊನ್ನೆ ಗುರುವಾರ ನನ್ನ ಅರ್ಜಿಯನ್ನು ಸಲ್ಲಿಸಿದೆ. ಅಪಘಾತವಾದ ಒಂದು ತಿಂಗಳ ನಂತರದಿಂದ ಶೇಕಡಾ 12ರ ಬಡ್ಡಿಯನ್ನೂ ಕೇಳಿದ್ದೇವೆ. ತಿಂಗಳಿಗೆ ಸುಮಾರು 4,970 ರೂಪಾಯಿ ಆಗುತ್ತದೆಂದು ಲೆಕ್ಕ ಮಾಡಿದಾಗ, ಈ ಇಪ್ಪತ್ತು ತಿಂಗಳು ನನ್ನ ಹೆಂಡತಿ ಬೇರೆಯವರ ಮನೆಯ ಪಾತ್ರೆ ತೊಳೆದು ತಂದದ್ದು ಅದಕ್ಕಿಂತ ಕಡಿಮೆ ಎಂಬುದು ನೆನಪಾಯಿತು. ಅರ್ಜಿಗೆ ಎಡಗೈಯಲ್ಲಿ ಸಹಿ ಹಾಕಿದೆ. ಅಕ್ಷರ ಸೊಟ್ಟಗಿದೆ, ಆದರೆ ಸಹಿ.

ಪತ್ರವನ್ನು ಹೊಸದಾಗಿ ಬರೆದಿದ್ದೇವೆ. 10 ಲಕ್ಷ, ಸರ್ಕಾರಿ ಕೆಲಸ, ಬಹಿಷ್ಕಾರ ಮೂರನ್ನೂ ತೆಗೆದಿದ್ದೇವೆ. 15,000ದ ಮಿತಿಯನ್ನು ತೆಗೆಯಬೇಕು, ತೆಗೆಯುವವರೆಗೆ ವರ್ಷವರ್ಷವೂ ಏರಿಸಬೇಕು ಎಂಬುದು ಮೊದಲು ಬರುತ್ತದೆ, ಅದರ ಕೆಳಗೆ ಮೂವತ್ತೈದು ವರ್ಷದವರ ಎರಡು ಲೆಕ್ಕಗಳು. ರಿಪ್ಪನ್‌ಪೇಟೆಯ ತಂಗಿ ಒಪ್ಪಿದ್ದಾರೆ, ಅವರೂ ಈಗ ನಮ್ಮೊಂದಿಗಿದ್ದಾರೆ. ಸಣ್ಣ ಘಟಕಗಳಿಗೂ ಇ.ಎಸ್.ಐ., ಕಡ್ಡಾಯ ವಿಮೆ ಇವೂ ಇವೆ. ಆಸ್ಪತ್ರೆಯ ದಾಖಲೆಯ ವಿಷಯ ರಾಜ್ಯ ಸರ್ಕಾರಕ್ಕೆ ಸೇರುತ್ತದೆಂದು ಕೆಲವರು ಹೇಳಿದರೂ ಅದನ್ನು ಬಿಡಲು ನಮ್ಮವರು ಯಾರೂ ಒಪ್ಪಲಿಲ್ಲ. ಅದಕ್ಕಾಗಿ ಜಿಲ್ಲಾ ಉಸ್ತುವಾರಿ ಸಚಿವರಿಗೆ ಚುನಾವಣೆಯ ನಂತರ ಬೇರೆ ಪತ್ರ ಬರೆಯುವುದೆಂದು ತೀರ್ಮಾನವಾಗಿದೆ.

ವಿಮೆಯ ಕಂತಿನ ಬಗ್ಗೆ ಮಾತ್ರ ನಮ್ಮಲ್ಲಿ ಇನ್ನೂ ಜಗಳವಿದೆ. ಹೊಸನಗರದ ತೋಟದವರು ಹೇಳಿದಂತೆ ಸರ್ಕಾರದ ಪಾಲು ಕೇಳಬೇಕೆಂದು ನಾನು ಹೇಳಿದರೆ, ಕ್ರಷರಿನಲ್ಲಿ ಕಣ್ಣು ಕಳೆದುಕೊಂಡವರು, ನನ್ನ ಮಾಲೀಕರಿಗೆ ಮೂರು ಟಿಪ್ಪರ್ ಇವೆ, ಅವರ ಕಂತನ್ನು ಸರ್ಕಾರ ಏಕೆ ಕಟ್ಟಬೇಕು ಎಂದು ಕೇಳುತ್ತಾರೆ. ಐದು ಎಕರೆಯೊಳಗಿನ ಹಿಡುವಳಿದಾರರಿಗೆ ಮಾತ್ರ ಎಂದು ಬರೆಯೋಣವೆಂದರೆ, ಐದು ಎಕರೆ ಅಡಿಕೆ ಇದ್ದವನು ಬಡವನೇ ಎಂದು ಇನ್ನೊಬ್ಬರು. ಆ ಜಾಗವನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇವೆ.

12-ಡಿ ನಮೂನೆಗಳನ್ನು ನಮೂನೆ ಸಿಕ್ಕ ದಿನವೇ ತುಂಬಿಸಲು ಇಬ್ಬರನ್ನು ಗೊತ್ತು ಮಾಡಿದ್ದೇವೆ. ಕರಪತ್ರಕ್ಕೆ ಮುದ್ರಣಾಲಯದವರು ಒಪ್ಪಿದ್ದಾರೆ, ಪ್ರಕಾಶಕರ ಜಾಗದಲ್ಲಿ ನನ್ನ ಹೆಸರು, ವಿಳಾಸ ಹಾಕಿಸುತ್ತೇನೆ. ಏಪ್ರಿಲ್ 14ರ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಮನೆಯಲ್ಲಿಯೇ ಸೇರುತ್ತೇವೆ. ಹೊಸಬರು ಬರುವುದಾದರೆ ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಕಾಗದ, ವಯಸ್ಸಿಗೆ ಒಂದು ದಾಖಲೆ, ಜೊತೆಯಲ್ಲಿ ಕೆಲಸ ಮಾಡಿದವರ ಫೋನ್ ನಂಬರು ಇಷ್ಟನ್ನು ತನ್ನಿ. ಛಾಪಾ ಕಾಗದಕ್ಕೆ ಸಹಿ ಹಾಕಿದವರು ಅದರ ನಕಲು ಸಿಕ್ಕರೆ ಅದನ್ನೂ ತನ್ನಿ.